ಕಾನ್ಯಾಕ್ ಊರಿನ ಹೊಳೆದಂಡೆಯಲ್ಲಿ ಕೇಳಿದ ಮಾತು

ಮೈಮೇಲೆ ದೇವರು ಬಂತು, ಸತ್ತವರು ಬಂದು ಮಾತಾಡಿಸಿದರು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಆದೋನಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು ನಾನು. ಕಣ್ಣಾರೆ ಕಾಣದ್ದನ್ನು ನಂಬಿದವಳಲ್ಲ. ಈಗ ನನ್ನ ಮಾತನ್ನೇ ಯಾರೂ ನಂಬದ ಕಾಲ ಬಂದಿದೆ. ನೀವೂ ನಂಬಬೇಕಾಗಿಲ್ಲ. ಕುಡಿದಿದ್ದಳು ಎಂದು ಮಾತ್ರ ಹೇಳಬೇಡಿ.

ಆ ಒಂದು ಮಾತಿನಿಂದಲೇ ನಮ್ಮ ಮನೆಯ ಅಡುಗೆಮನೆ ನನಗೆ ಮುಚ್ಚಿದೆ. ನಾನು ಮದುವೆಯಾಗಲಿಲ್ಲ, ತಮ್ಮನ ಮನೆಯೇ ನನ್ನ ಮನೆ. ಅವನ ಹೆಂಡತಿ ತೀರಿಕೊಂಡ ಮೇಲೆ ಅಪ್ಪನ ಶ್ರಾದ್ಧದ ಮಡಿ ಅಡುಗೆ ಪ್ರತಿವರ್ಷ ನನ್ನದೇ. ಫ್ರಾನ್ಸಿನಲ್ಲಿ ಅಮಲೇರಿತ್ತು ಎಂದು ಒಪ್ಪಿಕೊಂಡು, ಪಂಚಗವ್ಯ ಕುಡಿದು ಶುದ್ಧಳಾಗಿ ಒಳಗೆ ಬಾ ಎನ್ನುತ್ತಾನೆ ತಮ್ಮ. ಸಮುದ್ರ ದಾಟಿದ್ದಕ್ಕೆ ಎಂದಿದ್ದರೆ ಒಂದು ಲೋಟವೇ ಕುಡಿಯುತ್ತಿದ್ದೆ. ಮಾಡದ ತಪ್ಪಿಗೆ ಒಂದು ಹನಿಯನ್ನೂ ಮುಟ್ಟುವುದಿಲ್ಲ.

ನಡೆದದ್ದು ಇಷ್ಟು. ತಮ್ಮನ ಮಗಳು ಪದ್ಮಜಾ ಗಂಡನ ಜೊತೆ ಫ್ರಾನ್ಸಿನ ಬೋರ್ದೋದಲ್ಲಿದ್ದಾಳೆ. ತಾಯಿಯಿಲ್ಲದ ಹುಡುಗಿಯ ಬಾಣಂತನಕ್ಕೆ ನಾನೇ ಹೋದೆ. ಕೂಸಿನ ಕತ್ತು ನಿಂತ ಮೇಲೆ ಒಂದು ಭಾನುವಾರ ನನ್ನನ್ನು ಕಾನ್ಯಾಕ್ ಎಂಬ ಹಳೆಯ ಊರಿಗೆ ಕರೆದುಕೊಂಡು ಹೋದರು, ಸಂಜೆಗೆ ತಿರುಗಿ ಬರುವ ಹಾಗೆ. ಹೊಳೆದಂಡೆಯ ಊರು, ಯಾವುದೋ ರಾಜ ಹುಟ್ಟಿದ ಕೋಟೆ, ಇಳಿಜಾರಿನ ಕಲ್ಲುಹಾದಿಗಳು. ಚೆನ್ನಾಗಿಯೇ ಇತ್ತು. ಆದರೆ ಆ ಊರಿಗೆ ಹೆಸರು ಬಂದದ್ದು ಬ್ರಾಂಡಿಯಿಂದ. ಪೀಪಾಯಿಗಳಿಂದ ಬ್ರಾಂಡಿ ಆವಿಯಾಗಿ ಹೋಗುತ್ತಲೇ ಇರುತ್ತದಂತೆ. ಆ ಆವಿಗೆ ಬೆಳೆದ ಬೂಷ್ಟಿನಿಂದ ಗೋದಾಮಿನ ಗೋಡೆಗಳೆಲ್ಲ ನಮ್ಮ ಸೌದೆ ಒಲೆಯ ಹಿಂದಿನ ಗೋಡೆಯ ಹಾಗೆ ಕಪ್ಪಗಿದ್ದವು. ಗಂಡಹೆಂಡತಿ ಗೋದಾಮು ನೋಡಲು ಒಳಗೆ ಹೋದರು. ನಾನು ಅದರ ಹೊಸ್ತಿಲನ್ನೂ ತುಳಿಯಲಿಲ್ಲ. ಕೂಸನ್ನು ಎತ್ತಿಕೊಂಡು ಹೊಳೆಯ ಪಕ್ಕದ ಬೆಂಚಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಕೂಸು ಅಳತೊಡಗಿತು. ಹಾಲಿನ ಬಾಟಲಿ ಕೊಟ್ಟರೂ ಒಲ್ಲದು, ಹೆಗಲಿಗೆ ಹಾಕಿಕೊಂಡರೂ ಒಲ್ಲದು. ಆಗ ನೀಲಿ ಸ್ವೆಟರು ಹಾಕಿದ್ದ ಆ ಊರಿನ ಮುದುಕಿಯೊಬ್ಬಳು ಪಕ್ಕಕ್ಕೆ ಬಂದು ಕೂತಳು. ಕೂಸನ್ನು ನೋಡಿ ಹೇಳಿದಳು:

"ಹಸಿವಲ್ಲವ್ವಾ ಅದಕ್ಕ. ಕಿವಿ ನೋಯಾಕ ಹತ್ತೇತಿ. ನನ್ನ ಮಗಳಿಗೂ ಹಿಂಗ ಆಗಿತ್ತು. ನಾವು ತಡಾ ಮಾಡಿದ್ವಿ, ಕೇಳಿಸೂದಽ ಹೋತು."

ಕನ್ನಡ. ಅದೂ ನಮ್ಮ ಮನೆಯ ಕನ್ನಡವಲ್ಲ, ಹಾಲಹರವಿ ಕಡೆಯಿಂದ ಮೆಣಸಿನಕಾಯಿ ಹೊತ್ತು ತರುವ ಹೆಂಗಸರ ಕನ್ನಡ. ನಾನೇ ಕಲ್ಪಿಸಿಕೊಂಡದ್ದಾದರೆ ಆಕೆ ನಮ್ಮಮ್ಮನ ಹಾಗೆ ಮಾತಾಡಬೇಕಿತ್ತಲ್ಲವೇ? ವಿಚಿತ್ರವೆಂದರೆ ಆ ಹೊತ್ತಿಗೆ ನನಗೆ ಆಶ್ಚರ್ಯವೇ ಆಗಲಿಲ್ಲ. ಕೂಸಿನ ಕಿವಿಯೊಂದೇ ತಲೆಯಲ್ಲಿತ್ತು. ಯಾವ ಕಿವಿ ಎಂದು ಕೇಳಿದೆ.

"ಎಡಗಿವಿ. ಇವತ್ತಽ ತೋರಿಸ್ರಿ."

ಪದ್ಮಜಾ ತಿರುಗಿ ಬಂದಾಗ ಇದನ್ನೆಲ್ಲ ಹೇಳಿದೆ. ಅವಳು ಮುದುಕಿಯನ್ನು ಫ್ರೆಂಚಿನಲ್ಲಿ ಏನೇನೋ ಕೇಳಿದಳು. ಮುದುಕಿ ಉತ್ತರ ಕೊಟ್ಟಳು. ಈಗ ಆಕೆಯ ಒಂದಕ್ಷರವೂ ನನಗೆ ತಿಳಿಯಲಿಲ್ಲ. ಪದ್ಮಜಾಳ ಮುಖ ಬಿಳಿಚಿಕೊಂಡಿತು.

"ಅತ್ತೀ, ಆಕಿ ಮಗಳ ಕಿವಿ ಹೋದದ್ದು ಖರೇನಽ ಅಂತ. ಆದ್ರ ಆಕಿಗೆ ಫ್ರೆಂಚ್ ಬಿಟ್ಟು ಬ್ಯಾರೆ ಮಾತು ಬರಂಗಿಲ್ಲ. ನಿಮ್ಮ ಅತ್ತಿ ಇಷ್ಟು ಛಲೋ ಫ್ರೆಂಚ್ ಎಲ್ಲಿ ಕಲ್ತ್ರು ಅಂತ ನನ್ನಽ ಕೇಳ್ಲಿಕ್ಕೆ ಹತ್ಯಾಳ!"

ಸಂಜೆಯೇ ಕೂಸನ್ನು ಆಸ್ಪತ್ರೆಗೆ ತೋರಿಸಿದೆವು. ಎಡಗಿವಿಯೊಳಗೆ ಕೀವು ತುಂಬಿತ್ತು. ಸಕಾಲಕ್ಕೆ ಬಂದಿರಿ ಎಂದರು. ಇವತ್ತು ನಾನು ಫೋನಿನಲ್ಲಿ ಕರೆದರೆ ಅದು ನಗುತ್ತಾ ತಿರುಗಿ ನೋಡುತ್ತದೆ.

ತಮ್ಮನಿಗೆ ಮೊಮ್ಮಗಳ ಕಿವಿ ಬೇಕು, ಅದು ಉಳಿದ ಬಗೆ ಬೇಡ. "ಅಲ್ಲಿ ಗಾಳಿಯೊಳಗಽ ಬ್ರಾಂಡಿ ಅದ ಅಂತ ನೀನಽ ಹೇಳ್ತಿ. ತಲಿ ತಿರುಗೇದ" ಎಂದ. ಗಾಳಿ ಕುಡಿದರೆ ಭಾಷೆ ಬರುವುದಾದರೆ ಆ ಊರಿಗೆಲ್ಲ ಇಷ್ಟೊತ್ತಿಗೆ ಕನ್ನಡ ಬಂದಿರಬೇಕಿತ್ತು ಎಂದೆ ನಾನು. ಪದ್ಮಜಾ ಫೋನಿನಲ್ಲಿ ಸಾಕ್ಷಿ ಹೇಳಿದಳು. ಅದಕ್ಕೆ ಈ ಮಹರಾಯ, "ಹಂಗಾರ ಆ ಮುದುಕಿನೂ ಕುಡಿದಿರಬೇಕು" ಎಂದುಬಿಟ್ಟ!

ಮೊನ್ನೆ ಅಪ್ಪನ ಶ್ರಾದ್ಧ. ಅಡುಗೆಗೆ ನಂದವರಂನಿಂದ ಯಾರನ್ನೋ ಕರೆಸಿದ್ದರು. ನಾನು ಪಡಸಾಲೆಯಲ್ಲಿ ಕೂತಿದ್ದೆ. ಒಳಗಿನ ಒಗ್ಗರಣೆಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಅಪ್ಪನಿಗೆ ಬೇರೆಯವರ ಕೈಯಡುಗೆಯಾಯಿತಲ್ಲ ಎಂದು ಅತ್ತುಬಿಟ್ಟೆ. ಆ ಮುದುಕಿ ಯಾರೋ, ಅವಳ ಮಾತು ನನಗೆ, ನನ್ನದು ಅವಳಿಗೆ ಹೇಗೆ ತಿಳಿಯಿತೋ, ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯೂ ಇಲ್ಲ.

ಎಲೆ ಹಾಕುವ ಮುಂಚೆ ತಮ್ಮ ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದು ನಿಂತ. ಅವನ ಕಣ್ಣುಗಳೂ ಕೆಂಪಗಿದ್ದವು.

"ಅಕ್ಕಾ, ಪಂಚಗವ್ಯ ತಯಾರದ. ತಲಿ ತಿರುಗಿತ್ತು ಅಂತ ಒಂದು ಮಾತು ಅಂದುಬಿಡು. ಪಾಯಸಾದ್ರೂ ನಿನ್ನ ಕೈಲೆ ಆಗಲಿ."

"ತಿರುಗಿರಲಿಲ್ಲೋ" ಎಂದೆ. "ಆಕಿ ಕನ್ನಡ ಮಾತಾಡಿದ್ಲು."