ರೆಡ್ಡಮ್ಮಕ್ಕನ ಸರದಿ

ಅವರೆಕಾಯಿ ಕಾಲ ಬಂತೆಂದರೆ ರೆಡ್ಡಮ್ಮಕ್ಕನ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿತ್ತು. ಬಲಗೈಯದೋ ಎಡಗೈಯದೋ ಎಂದು ಈಗ ಕೇಳಿಕೊಂಡರೆ ನನಗೆ ಖಚಿತವಿಲ್ಲ. ಕಣ್ಣು ಮುಚ್ಚಿದರೆ ಎರಡೂ ಕಪ್ಪಾಗಿಯೇ ಕಾಣುತ್ತವೆ. ಬೆಳಿಗ್ಗೆ ನೆನೆಹಾಕಿದ ಕಾಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಕಂಟೋನ್ಮೆಂಟಿನಲ್ಲಿ ಸಂಜೆಯ ಟ್ರೈನು ಹತ್ತುತ್ತಿದ್ದರು. ಸೀಟು ಸಿಕ್ಕಿದ ಕೂಡಲೇ ಡಬ್ಬಿಯ ಮುಚ್ಚಳ ತೆಗೆದು ಒಂದೊಂದೇ ಕಾಳನ್ನು ಹಿತುಕುವುದು. ಸಿಪ್ಪೆ ಪ್ಲಾಸ್ಟಿಕ್ ಕವರಿಗೆ, ಬೇಳೆ ಮುಚ್ಚಳಕ್ಕೆ. ಮಾಲೂರು ಬರುವ ಹೊತ್ತಿಗೆ ಒಂದು ಸಾರಿಗಾಗುವಷ್ಟು ಹಿತುಕಿದ ಬೇಳೆ ಸಿದ್ಧವಾಗಿರುತ್ತಿತ್ತು. ಅಷ್ಟು ಹೊತ್ತೂ ಅವರ ಕಣ್ಣು ಕಾಳಿನ ಮೇಲಿರುತ್ತಿರಲಿಲ್ಲ. ಬೋಗಿಯಲ್ಲಿ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂದು ಸುತ್ತುತ್ತಿರುತ್ತಿತ್ತು.

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅಲ್ಲಿ ಮನೆ ಮಾಡುವ ಶಕ್ತಿಯಿಲ್ಲದೆ ಮಾಲೂರಿನ ಹೊರಗಿನ ಈ ಲೇಔಟಿಗೆ ಬಂದವಳು. ಮೊದಲು ಇದು ನೀಲಗಿರಿ ತೋಪಾಗಿತ್ತಂತೆ. ಈಗ ಹೆಬ್ಬಾಗಿಲಿಗೊಂದು ಕಮಾನು, ಕಮಾನಿನ ಮೇಲೆ ‘ಬೆಂಗಳೂರಿನ ಪಕ್ಕದಲ್ಲೇ’ ಎಂಬ ಮಾಸಿದ ಬೋರ್ಡು. ಒಳಗೆ ಬೆಂಕಿಪೊಟ್ಟಣ ಜೋಡಿಸಿಟ್ಟಂಥ ಮನೆಗಳು. ಗಂಡಸರಲ್ಲಿ ಕೆಲವರು ನರಸಾಪುರದ ಕಂಪನಿ ಬಸ್ಸಿಗೆ, ಉಳಿದವರೆಲ್ಲ ಬೆಂಗಳೂರಿನ ಟ್ರೈನಿಗೆ. ಕತ್ತಲಿರುವಾಗ ಹೋಗಿ ಕತ್ತಲಾದ ಮೇಲೆ ಬರುತ್ತೇವೆ. ನಲ್ಲಿಯಲ್ಲಿ ನೀರು ಬರುವುದು ಹನ್ನೊಂದು ಗಂಟೆಗೆ, ಹಿಡಿಯಲು ಯಾರೂ ಇಲ್ಲದ ಹೊತ್ತಿಗೆ.

ನನ್ನ ಎದುರು ಮನೆ ರೆಡ್ಡಮ್ಮಕ್ಕನದು. ಮುಳಬಾಗಿಲು ಕಡೆಯ ತಾಯಲೂರಿನವರು. ಗಂಡ ತೀರಿಕೊಂಡ ಮೇಲೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಆಯಾ ಕೆಲಸಕ್ಕೆ ಸೇರಿ, ಒಬ್ಬಳೇ ಮಗಳನ್ನು ಓದಿಸಿ ಮದನಪಲ್ಲಿಗೆ ಮದುವೆ ಮಾಡಿಕೊಟ್ಟು, ಆಮೇಲೆ ಈ ಮನೆ ಕಟ್ಟಿಸಿದ್ದರು. ಒಂದು ಭಾನುವಾರ ಬೀದಿಯಲ್ಲಿ ನಿಂತು ತಮ್ಮ ಮನೆಯನ್ನೇ ನೋಡುತ್ತಿದ್ದರು.

“ಏನಕ್ಕ ನೋಡ್ತಿದ್ದೀರ?”

“ನಮ್ ಗೋಡೆ ಬಣ್ಣ ಇದಾ ಅಂತ ನೋಡ್ತಿದ್ದೀನಿ ಅಮ್ಮಾಯಿ. ವಾರಪೂರ್ತಿ ಲೈಟ್ ಬೆಳಕಲ್ಲಿ ನೋಡಿ ನೋಡಿ ಹಳದಿ ಅಂದ್ಕೊಂಡಿದ್ದೆ. ಪೇಂಟರ್ ಮುಂಡೇಗಂಡ ಹಸಿರು ಹೊಡ್ದವ್ನೆ!”

ಅವರಿಗೊಂದೇ ಆಸೆಯಿತ್ತು. ರಿಟೈರಾದ ಮೇಲೆ ಹಗಲು ಹೊತ್ತು ತಮ್ಮ ಮನೆಯ ಮುಂದೆ ಕೂರಬೇಕು, ಬಂದು ಹೋಗುವವರನ್ನು ಮಾತಾಡಿಸಬೇಕು.

ಟ್ರೈನಿನ ಮಾತು ಹೇಳಬೇಕು. ಬೆಳಗಿನ ಗಾಡಿ ಬಂಗಾರಪೇಟೆಯ ಕಡೆಯಿಂದ ಬರುವಾಗಲೇ ತುಂಬಿರುತ್ತದೆ. ಹೆಂಗಸರ ಬೋಗಿಯಲ್ಲಿ ಮಾಲೂರಿನವರಿಗೆ ಸಿಗುವುದು ಅಲ್ಲೊಂದು ಇಲ್ಲೊಂದು ಸೀಟು. ಮೊದಲು ಅದಕ್ಕೆ ದಿನಾ ಜಗಳವಾಗುತ್ತಿತ್ತಂತೆ. ರೆಡ್ಡಮ್ಮಕ್ಕ ಒಂದು ಕಟ್ಟಳೆ ಮಾಡಿದರು. ಮಾಲೂರಿನಿಂದ ಕೂತವರು ವೈಟ್‌ಫೀಲ್ಡಿನಲ್ಲಿ ಎದ್ದು ನಿಂತವರಿಗೆ ಬಿಡಬೇಕು, ಮಾರನೆಯ ದಿನ ಸರದಿ ತಿರುಗಬೇಕು. ವೈಟ್‌ಫೀಲ್ಡ್ ಬರುತ್ತಿದ್ದಂತೆ ಅವರೇ ಎದ್ದು, ನಿಂತವಳ ಭುಜ ತಟ್ಟಿ, “ರಾ, ಕೂಚೋ” ಎನ್ನುತ್ತಿದ್ದರು. ಬಾ, ಕೂತ್ಕೋ ಎಂಬುದು ಅವರ ಬಾಯಲ್ಲಿ ಬರುತ್ತಿದ್ದುದೇ ತೆಲುಗಿನಲ್ಲಿ. ನನಗೆ ಅವರು ಹೇಳಿದ ಮೊದಲ ಮಾತೂ ಅದೇ. ಅಥವಾ ಹಾಗೆಂದು ನಾನು ಆಮೇಲೆ ಜೋಡಿಸಿಕೊಂಡಿರಬಹುದು.

ಕಟ್ಟಳೆಯಲ್ಲಿ ಅವರಿಗೆ ದಯೆ ದಾಕ್ಷಿಣ್ಯ ಇರಲಿಲ್ಲ. ಒಮ್ಮೆ ರೇಷ್ಮೆ ಸೀರೆಯುಟ್ಟ ವಯಸ್ಸಾದ ಹೆಂಗಸೊಬ್ಬರು ಮಾಲೂರಿನಲ್ಲಿ ಹತ್ತಿ ಖಾಲಿಯಾದ ಸೀಟಿನಲ್ಲಿ ಕೂತುಬಿಟ್ಟರು.

“ಎಲ್ಲಿಗಮ್ಮ?” ರೆಡ್ಡಮ್ಮಕ್ಕ ಕೇಳಿದರು.

“ತಂಗಿ ಮಗನ ಮದ್ವೆ, ಬೆಂಗ್ಳೂರಿಗೆ.”

ರೆಡ್ಡಮ್ಮಕ್ಕ ಪಕ್ಕದಲ್ಲಿ ನಿಂತಿದ್ದ ಹುಡುಗಿಯತ್ತ ಕೈ ತೋರಿಸಿದರು. “ಹಂಗಾದ್ರೆ ಏಳಿ. ನೀವು ನಿಂತ್ಕೊಂಡು ಹೋದ್ರೂ ಕೂರಿಸಿ ಊಟ ಹಾಕ್ತಾರೆ. ಇವ್ಳು ನಿಂತ್ಕೊಂಡು ಹೋದ್ರೆ ಸಾಯಂಕಾಲದವರ್ಗೂ ನಿಂತೇ ಇರ್ಬೇಕು. ಕೆಲ್ಸಕ್ಕೆ ಹೋಗೋರಿಗೆ ಮೊದ್ಲು ಸೀಟು.”

ಇಡೀ ಬೋಗಿ ನಕ್ಕಿತು. ಆ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಅವರ ಮುಖ ನನಗೆ ನೆನಪಿಲ್ಲ. ನಗು ನೆನಪಿದೆ.

ರೆಡ್ಡಮ್ಮಕ್ಕ ರಿಟೈರಾದ ದಿನ ಸಂಜೆ ಬೋಗಿಯವರೆಲ್ಲ ಸೇರಿ ಅವರಿಗೊಂದು ಉಡುಗೊರೆ ತಂದಿದ್ದೆವು. ಕೈಗಳಿರುವ ನೀಲಿ ಪ್ಲಾಸ್ಟಿಕ್ ಕುರ್ಚಿ. “ಇನ್ನು ಸರದಿ ಕಾಯ್ಬೇಡಿ ಅಕ್ಕ, ಮನೆ ಮುಂದೆ ಹಾಕ್ಕೊಂಡು ಕೂತ್ಕೊಳ್ಳಿ” ಎಂದು ಮಾಲ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಪವಿತ್ರ ಅದನ್ನು ಬೋಗಿಯ ನಡುವೆಯೇ ಇಟ್ಟಳು. ರೆಡ್ಡಮ್ಮಕ್ಕ ಮದುಮಗಳಂತೆ ನಾಚಿಕೊಂಡು ಕೂತರು. ಅಕ್ಕಪಕ್ಕ ಎಲ್ಲರೂ ನಿಂತಿದ್ದೆವು. ದೇವನಗೊಂದಿ ದಾಟುವಾಗ ಗಾಡಿ ಕುಲುಕಿ, ಅವರು ಕುರ್ಚಿಯ ಸಮೇತ ನನ್ನ ಮೇಲೆ ಬಿದ್ದರು. “ಸರ್ಕಾರ ಬಿಟ್ರೂ ರೈಲ್ವೆ ಬಿಡಲ್ಲ ನನ್ನ” ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಕೆಲವು ತಿಂಗಳ ಮೇಲೆ ಜ್ವರ ಬಂದು ನಾನು ಮನೆಯಲ್ಲಿ ಉಳಿದೆ. ವಾರದ ನಡುವೆ ಬೆಳಗಿನ ಹೊತ್ತು ನಮ್ಮ ಬೀದಿಯನ್ನು ಅದೇ ಮೊದಲು ನೋಡಿದ್ದು. ಉದ್ದಕ್ಕೂ ಬೀಗಗಳು. ಹಗ್ಗದ ಮೇಲೆ ಮರೆತ ಬಟ್ಟೆಗಳು. ಯಾರೂ ಕೊಳ್ಳುವವರಿಲ್ಲವೆಂದು ಸೊಪ್ಪಿನವನೂ ಒಳಗೆ ಬರುವುದಿಲ್ಲ. ಆ ಬಿಸಿಲಿನಲ್ಲಿ ನೀಲಿ ಕುರ್ಚಿ ಹಾಕಿಕೊಂಡು ರೆಡ್ಡಮ್ಮಕ್ಕ ಕೂತಿದ್ದರು. ಕಾಲ ಬುಡದಲ್ಲಿ ಎರಡು ನಾಯಿ. ನನ್ನನ್ನು ಕಂಡವರೇ ಗೇಟಿಗೆ ಓಡಿಬಂದರು.

“ಜ್ವರಾನಾ? ಒಳ್ಳೇದಾಯ್ತು ಬಿಡು!”

“ಒಳ್ಳೇದಾ?”

“ಅಯ್ಯೋ, ಹಂಗಲ್ಲ ಕಣೇ. ಒಂದು ಮನುಷ್ಯರ ಮುಖ ಕಾಣಿಸ್ತಲ್ಲ ಅಂತ. ಹನ್ನೊಂದಕ್ಕೆ ನೀರು ಬರ್ತದೆ, ಎಲ್ರ ಡ್ರಮ್ಮೂ ತುಂಬಿಸ್ತೀನಿ. ಆಮೇಲೆ ಯಾರೂ ಬರಲ್ಲ. ನಿನ್ನೆ ಗ್ಯಾಸಿನವ್ನು ಬಂದಿದ್ದ, ಕೂತ್ಕೋ ಅಂದ್ರೆ ಹೆದರ್ಕೊಂಡು ಓಡೋದ.”

ರಾತ್ರಿ ಎಲ್ಲರೂ ಬರುತ್ತಾರಲ್ಲ ಎಂದೆ.

“ಬಂದು ಬಾಗಿಲು ಹಾಕ್ಕೊತೀರ. ನಾನೂ ಹಂಗೇ ಮಾಡ್ತಿದ್ದೆ. ಪೋನೀ ಬಿಡು.”

ಅದಾಗಿ ಸ್ವಲ್ಪ ದಿನಕ್ಕೇ ಅವರು ಮಾಲೂರಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಡಬ್ಬಿ, ಹೊಸದಾಗಿ ಮಾಡಿಸಿದ ಪಾಸು. ಎಲ್ಲಿಗೆ ಎಂದರೆ, “ಹಿಂಗೇ, ಕಂಟೋನ್ಮೆಂಟ್‌ವರ್ಗೂ.” ಅಲ್ಲಿ ಇಳಿದು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಆಸ್ಪತ್ರೆಯ ಹಳೆಯ ಆಯಾಗಳ ಜೊತೆ ಊಟ ಮಾಡುತ್ತಾರೆಂದು ಒಬ್ಬರು, ಸ್ಟೇಷನ್ನಿನ ಬೆಂಚಿನಲ್ಲೇ ಕೂತಿರುತ್ತಾರೆಂದು ಇನ್ನೊಬ್ಬರು ಹೇಳಿದರು. ಸಂಜೆಯ ಗಾಡಿಯಲ್ಲಿ ಹಿಂದಿರುಗುವಾಗ ಈಗ ತಮಗೊಬ್ಬರಿಗಲ್ಲ, ನಾಲ್ಕಾರು ಮನೆಗಳಿಗೆ ಆಗುವಷ್ಟು ಕಾಳು ಹಿತುಕುತ್ತಿದ್ದರು. ಇಳಿಯುವಾಗ ಎಲ್ಲರೂ ಡಬ್ಬಿ ಒಡ್ಡುತ್ತಿದ್ದೆವು.

ಆ ವರ್ಷ ಲೇಔಟುಗಳು ಇನ್ನೂ ಹೆಚ್ಚಿದವು, ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಒಂದು ಬೆಳಿಗ್ಗೆ ರೆಡ್ಡಮ್ಮಕ್ಕನ ಸರದಿ ಬಂದು ಅವರು ಕಿಟಕಿಯ ಪಕ್ಕ ಕೂತರು. ಎದುರಿಗೆ ಹೊಸ ಹುಡುಗಿಯೊಬ್ಬಳು ಕಂಬಿ ಹಿಡಿದು ತೂಕಡಿಸುತ್ತಿದ್ದಳು. ಆಗ ಆ ಮಾತು ಬಂತು.

“ಕೆಲ್ಸಕ್ಕೆ ಹೋಗೋರಿಗೆ ಮೊದ್ಲು ಸೀಟು ಅಂತ ನೀವೇ ಹೇಳಿದ್ದಲ್ವಾ ಅಕ್ಕ? ನಿಮ್ಗೆ ಕುರ್ಚಿ ಕೊಡ್ಸಿದ್ದೀವಲ್ಲ.”

ಹೇಳಿದ್ದು ಪವಿತ್ರ ಎಂದು ನನ್ನ ನೆನಪು. ಪವಿತ್ರಳನ್ನು ಕೇಳಿದರೆ ಬೇರೆಯವರ ಹೆಸರು ಹೇಳುತ್ತಾಳೆ. ಅವಳು ಸುಳ್ಳು ಹೇಳುತ್ತಿದ್ದಾಳೆ ಎನ್ನಲು ನನಗೆ ಧೈರ್ಯವಿಲ್ಲ. ಕುರ್ಚಿಯ ಮಾತು ಪವಿತ್ರಳದೇ ಎಂದು ನಾನೇ ಹಚ್ಚಿರಬಹುದು, ಕುರ್ಚಿಯನ್ನು ಅವಳು ತಂದಿದ್ದರಿಂದ. ನಗು ಮಾತ್ರ ಈ ಸಲವೂ ಬಂತು, ಅದರಲ್ಲಿ ನನಗೆ ಸಂಶಯವಿಲ್ಲ.

ರೆಡ್ಡಮ್ಮಕ್ಕನೂ ನಕ್ಕರು. “ನಿಜಾನೇ. ನಾ ಮಾಡಿದ ರೂಲ್ಸು ನಂಗಿಲ್ವಾ?” ಎಂದು ಎದ್ದರು. ತೂಕಡಿಸುತ್ತಿದ್ದ ಹುಡುಗಿಯ ಭುಜ ತಟ್ಟಿ, “ರಾ, ಕೂಚೋ” ಎಂದರು. ನಾನು ನನ್ನ ಜಾಗದಿಂದ ಎದ್ದೆ. ಅವರು ಕೈಯಿಂದಲೇ ಒತ್ತಿ ಕೂರಿಸಿದರು. “ನೀನು ಪಾಠ ಮಾಡ್ಬೇಕು, ಕೂತ್ಕೋ.” ವೈಟ್‌ಫೀಲ್ಡಿನಲ್ಲಿ ಇಳಿದುಬಿಟ್ಟರು. ಆಮೇಲೆ ಬೋಗಿಯಲ್ಲಿ ಅವರನ್ನು ಕಾಣಲಿಲ್ಲ.

ಕೊನೆಯ ಸಲ ಕಂಡದ್ದು ಅವರು ಮದನಪಲ್ಲಿಗೆ ಹೊರಟ ಭಾನುವಾರ. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಆಟೋದಲ್ಲಿ ಎರಡು ಬ್ಯಾಗು, ಡಬ್ಬಿ. ಕುರ್ಚಿ ಗೇಟಿನ ಬಳಿಯೇ ಇತ್ತು.

“ಇದನ್ನ ತಗೊಂಡ್ ಹೋಗಲ್ವಾ ಅಕ್ಕ?”

“ಅಲ್ಲಿ ಕೂರೋಕೆ ಎಲ್ಲಿ ಪುರುಸೊತ್ತು? ಮಗಳು ಅಳಿಯ ಇಬ್ರೂ ಕೆಲ್ಸಕ್ಕೆ ಹೋಗ್ತಾರೆ. ಮಗು ನೋಡ್ಕೊಬೇಕು, ಅಡಿಗೆ ಮಾಡ್ಬೇಕು.” ಸೆರಗು ಸಿಕ್ಕಿಸಿಕೊಂಡು, “ಕೆಲ್ಸ ಸಿಕ್ತು ಕಣೇ ಮತ್ತೆ” ಎಂದು ಆಟೋ ಹತ್ತಿದರು. ಅದು ತಮಾಷೆಯೋ ಅಲ್ಲವೋ ಅವರ ಮುಖ ನೋಡಿ ತಿಳಿಯಬಹುದಿತ್ತು. ಅಷ್ಟರಲ್ಲಿ ಆಟೋ ತಿರುಗಿತ್ತು.

ಅವರ ಮನೆಗೆ ಬಾಡಿಗೆಗೆ ಬಂದ ಹುಡುಗಿಯೂ ನಮ್ಮ ಬೋಗಿಯಲ್ಲೇ ಬರುತ್ತಾಳೆ. ಹಾವೇರಿ ಕಡೆಯವಳು, ತೆಲುಗು ಬಾರದು. ಮೊನ್ನೆ ನನಗೆ ನಿಲ್ಲುವ ಸರದಿ. ವೈಟ್‌ಫೀಲ್ಡಿನಲ್ಲಿ ಅವಳು ಎದ್ದು, ನನ್ನ ಭುಜ ತಟ್ಟಿ, “ರಾ, ಕೂಚೋ” ಎಂದಳು.

“ಇದು ನಿಂಗೆ ಯಾರು ಕಲಿಸಿದ್ರು?”

“ಯಾರಿಲ್ರೀ ಮೇಡಂ” ಎಂದಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತ. “ಇಲ್ಲಿ ಎಲ್ಲಾರೂ ಹಂಗ ಅಂತಾರಲ್ರೀ.”