ಹದಿನೇಳನೆಯ ಗಂಗಾಳ

ಕೆಲವರಿಗೆ ಇಷ್ಟದ ದೇವರು, ಕೆಲವರಿಗೆ ಇಷ್ಟದ ನಟ. ನನಗೆ ಇಷ್ಟದ ಸಂಖ್ಯೆಯೊಂದಿದೆ: ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು. ನಗಬೇಡಿ. ಲಿಂಗಸುಗೂರಿನಲ್ಲಿ ಗಣಿತ ಕಲಿಸುತ್ತಲೇ ತಲೆ ಬೆಳ್ಳಗಾದವನಿಗೆ ಇಷ್ಟಾದರೂ ಚಪಲ ಬೇಡವೇ?

ಇದು ದೊಡ್ಡ ಮನಸ್ಸಿನ ಸಂಖ್ಯೆ. 720720 ಎಂದು ಬರೆದು ನೋಡಿ, 720ರ ಪಕ್ಕ ಇನ್ನೊಂದು 720. ಮೂರಂಕಿಯನ್ನು ಹೀಗೆ ಜೋಡಿಸಿ ಬರೆದರೆ ಸಾವಿರದೊಂದರಿಂದ ಗುಣಿಸಿದಂತೆ. ಆ ಸಾವಿರದೊಂದರ ಹೊಟ್ಟೆಯಲ್ಲಿ ಏಳು, ಹನ್ನೊಂದು, ಹದಿಮೂರು ಕೂತಿವೆ. ಉಳಿದವರನ್ನು 720 ನೋಡಿಕೊಳ್ಳುತ್ತದೆ, ಹದಿನಾಲ್ಕಕ್ಕೆ ಇಬ್ಬರೂ ಕೈಜೋಡಿಸುತ್ತಾರೆ. ಒಂದರಿಂದ ಹದಿನಾರರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಸೊನ್ನೆ. ಇದಕ್ಕಿಂತ ಚಿಕ್ಕ ಸಂಖ್ಯೆಗೆ ಈ ತಾಕತ್ತಿಲ್ಲ.

ಮಸ್ಕಿಯ ನಮ್ಮ ಮನೆಯಲ್ಲೂ ಹದಿನಾರು ಜನ: ನಾವು, ತಮ್ಮಂದಿರು, ಅವರವರ ಸಂಸಾರ, ಎಲ್ಲರ ಮೇಲೆ ಅವ್ವ. ಊಟದ ಗಂಗಾಳಗಳೂ ಹದಿನಾರು, ಒಂದೊಂದರ ಅಂಚಿಗೂ ಅವರವರ ಹೆಸರು ಕೊರೆಸಿದೆ. ಹೋಳಿಗೆಯಾಗಲಿ ರೊಟ್ಟಿಯಾಗಲಿ, ಸಮಪಾಲು. ಯಾರೇ ಬರಲಿ, ಮನೆಯನ್ನೂ ಸಂಖ್ಯೆಯನ್ನೂ ಒಟ್ಟಿಗೇ ಹೊಗಳುತ್ತಿದ್ದೆ.

ಕಳೆದ ವರ್ಷ ಮಗನ ಮದುವೆಯಾಗಿ ಪಾಮನಕಲ್ಲೂರಿನಿಂದ ಸೊಸೆ ಶಿವಲೀಲಾ ಬಂದಳು. ಈಚೆಗೊಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಿಗೂ ನನ್ನ ಪುರಾಣ ಬಿಚ್ಚಿದೆ. ಅವಳು ತುಸು ಹೊತ್ತು ತುಟಿಯಲ್ಲೇ ಲೆಕ್ಕ ಹಾಕಿದಳು.

"ಮಾವಾರ, ಹದಿನೇಳಕ್ಕ ಹೋಗಂಗಿಲ್ಲಲ್ರೀ. ಐದು ಉಳಿತಾವ."

"ಅದು ಅವಿಭಾಜ್ಯ ಸಂಖ್ಯೆ ಬೇ, ಬಾಳ ಹಟಮಾರಿ. ಹದಿನೆಂಟಕ್ಕ ನೋಡು, ಮತ್ತ ಸರಿಯಾಗಿ ಹೋಗ್ತೈತಿ."

"ಹಂಗಾರ ಹದಿನೇಳಕ್ಕಷ್ಟ ಜಾಗ ಇಲ್ಲನ್ರಿ," ಎಂದು ನಕ್ಕು ರೊಟ್ಟಿ ಮುರಿದಳು.

ಆಗ ಅವಳ ಗಂಗಾಳ ಕಣ್ಣಿಗೆ ಬಿತ್ತು. ಹೆಸರಿಲ್ಲದ್ದು, ಬಂದವರಿಗೆಂದು ಇಟ್ಟದ್ದು. ವರ್ಷವಾದರೂ ಅದರಲ್ಲೇ ಉಣ್ಣುತ್ತಿದ್ದಾಳೆ! ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಅವ್ವನನ್ನು ಕೇಳಿದರೆ, "ತೊಟ್ಟಿಲಾ ಕಟ್ಟಿದ ಮ್ಯಾಲೆ ಸೊಸಿಗೆ ಗಂಗಾಳಾ. ಇದು ನಮ್ಮ ಮನಿ ಪದ್ಧತಿ. ಕೂಸಿಂದೂ ಆಕಿದೂ ಕೂಡೇ ಕೊರಸಿದ್ರಾತು," ಎಂದಳು.

ಗಣಿತ ನನ್ನ ಪಕ್ಷದಲ್ಲಿತ್ತು, ನಾನು ಹೆದರಲಿಲ್ಲ. "ಅವ್ವಾ, ಕೂಸಿನ ಚಿಂತಿ ಬಿಡು. ಹದಿನೆಂಟಂದ್ರ ಎರಡೊಂಬತ್ಲೆ, ಒಳಗಿದ್ದವರಿಂದನ ಹುಟ್ಟಿದ್ದು. ಅದಕ್ಕ ಜಾಗ ಮೊದಲ ಐತಿ. ಹೊರಗಿಂದ ಬಂದಾಕಿಗೆ ನಾವ ಮಾಡಿಕೊಡಬೇಕು."

ಮರುದಿನವೇ ಸಿಂಧನೂರಿಗೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಸಂಖ್ಯೆಯನ್ನು ಹದಿನೇಳರಿಂದ ಗುಣಿಸಿದೆ: 12252240. ಈಗ ಒಂದರಿಂದ ಹದಿನೆಂಟರವರೆಗೆ ಯಾರದೂ ತಕರಾರಿಲ್ಲ. ಒಬ್ಬಳನ್ನು ಸೇರಿಸಿಕೊಳ್ಳಲು ಹೋಗಿ ಲಕ್ಷದಲ್ಲಿದ್ದದ್ದು ಕೋಟಿ ದಾಟಿತು. ಬೆಳೆಯುವುದೆಂದರೆ ಹೀಗೆಯೇ ಇರಬೇಕು.

ಸಂಜೆ ಅವ್ವ ಹೊಸ ಗಂಗಾಳವನ್ನು ಬೆಳಕಿಗೆ ಹಿಡಿದು ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಸಿಡುಕಿದಳು:

"ಆಕಿ ಹೆಸರು ಇಷ್ಟು ಸಣ್ಣಗ್ಯಾಕ ಕೊರಸೀಯೋ?"