ನೆಟ್ಟಗೆ ನಿಂತ ಹರಳು

ಸರ್... ಸರ್... ಗಾಜಿನ ಹಲಗೆಯ ಮೇಲೆ ಕಲ್ಲು ಸವೆಯುವ ಸದ್ದು. ಒರಟು ಪುಡಿ ಬಿಟ್ಟು ನಯವಾದ ಪುಡಿ ಹಾಕಿದಾಗ ಅದು ಪಿಸುಮಾತಾಗುತ್ತದೆ. ಬಿಷ್ಕೆಕ್‌ನ ನಮ್ಮ ಪ್ರಯೋಗಾಲಯದಲ್ಲಿ ಬುರುಲ್ಚಾ ಎಜೆ ಮೂವತ್ತೊಂದು ವರ್ಷದಿಂದ ಆ ಸದ್ದನ್ನು ಆಲಿಸುತ್ತಲೇ ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾದ ಬಿಲ್ಲೆ ಮಾಡುತ್ತಾರೆ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ಎಜೆ, ಅಕ್ಕ. ಓದಿದ್ದು ಹತ್ತನೇ ತರಗತಿ.

ನಮ್ಮಲ್ಲಿ ಕೆಟ್ಟ ಬಿಲ್ಲೆಯನ್ನು ಅದರ ಮೇಲಂಟಿಸಿದ ಚೀಟಿ ಕೆಳಮುಖ ಮಾಡಿ ಉಜ್ಜಿದವರ ಮೇಜಿನ ಮೇಲಿಡುತ್ತಾರೆ. ಮಾತಿಲ್ಲ, ಬೈಗುಳವಿಲ್ಲ. ಎಜೆಯ ಮೇಜಿಗೆ ಹಾಗೊಂದು ಬಿಲ್ಲೆ ಎಂದೂ ಬಂದಿರಲಿಲ್ಲ. ಆ ಮಂಗಳವಾರ ಬಂತು.

ಇಟ್ಟವನು ಹೊಸ ಭೂವಿಜ್ಞಾನಿ ಎಲ್ದಿಯಾರ್. ತಾನು ಬೆಟ್ಟದಿಂದ ಹೊತ್ತು ತಂದ ಕಪ್ಪು ಕಲ್ಲಿನಲ್ಲಿ ಆಗೈಟ್ ಎಂಬ ಖನಿಜ ಇದೆಯೆಂದು ವರದಿಯನ್ನು ಆಗಲೇ ಅರ್ಧ ಬರೆದಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಗೈಟ್‌ನ ಗಾಢ ಬಣ್ಣವಿಲ್ಲ. ಮಾಸಲು ಬೂದು, ಅಲ್ಲಲ್ಲಿ ತಿಳಿಹಳದಿ.

"ಜಾಸ್ತಿ ಉಜ್ಜಿಬಿಟ್ಟಿದೀರ ಎಜೆ. ಬಣ್ಣ ಎಲ್ಲಾ ಹೊರಟೋಗಿದೆ. ಕಣ್ಣು ಸ್ವಲ್ಪ..."

ಕೋಣೆಯಲ್ಲಿ ಎಲ್ಲರ ಚಹಾ ಆರುತ್ತಿತ್ತು. ಎಜೆ ಕೈಯ ಕೆಸರು ಒರೆಸಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತರು.

"ಪಕ್ಕದ ಫೆಲ್ಡ್‌ಸ್ಪಾರ್ ಹರಳು ನೋಡು ತಮ್ಮಾ. ಬೆಳ್ಳಗೇ ಇದೆ. ನಾನು ಜಾಸ್ತಿ ಉಜ್ಜಿದ್ರೆ ಅದೂ ಮಂಕಾಗ್ಬೇಕಿತ್ತಲ್ಲ?"

ಅವನು ಬಗ್ಗಿ ನೋಡಿದ. ಎಜೆ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸಿದರು. ಹರಳಿನ ಉದ್ದ ಗೆರೆಗಳು ಮಸೂರದೊಳಗಿನ ನೇರ ಎಳೆಗೆ ಹೊಂದಿಕೊಂಡ ಕ್ಷಣವೇ ಹರಳು ಕತ್ತಲಾಯಿತು.

"ಪೈರಾಕ್ಸೀನು ದೊಡ್ಡ ಮನೆತನ. ಆಗೈಟ್ ಕಡೆಯೋರು ಓರೆಯಾಗಿ ನಿಂತಾಗ ಕತ್ತಲಾಗ್ತಾರೆ. ಇವರು ನೆಟ್ಟಗೆ ನಿಲ್ಲೋ ಆರ್ಥೋಪೈರಾಕ್ಸೀನು. ಬಣ್ಣದಲ್ಲೂ ಬಡಾಯಿ ಇಲ್ಲ. ಒಂದೇ ಹರಳು ನೋಡಿ ನಂಬಬೇಡ, ಆಗೈಟೂ ಒಂದೊಂದ್ಸಲ ನೆಟ್ಟಗೆ ನಿಂತ ಹಾಗೆ ನಟಿಸುತ್ತೆ. ಹತ್ತು ನೋಡು."

ಹತ್ತೂ ನೆಟ್ಟಗೇ ನಿಂತವು. ಆಮೇಲೆ ಎಜೆ ಬೆಳಕು ಸೋಸುವ ಮೇಲಿನ ಪಟಲವನ್ನು ಸರಿಸಿದರು. ಹರಳು ತಿರುಗುತ್ತ ತಿರುಗುತ್ತ, ಏಪ್ರಿಕಾಟ್ ಗಿಡ ಹೂ ಉದುರಿಸಿ ಎಲೆ ತಳೆದಂತೆ, ನಸುಗೆಂಪಿನಿಂದ ನಸುಹಸಿರಾಯಿತು. ಉಜ್ಜಿದ ಪ್ರತಿ ಬಿಲ್ಲೆಯನ್ನೂ ಅವರು ಹೀಗೆ ನೋಡಿಯೇ ಕಳಿಸುತ್ತಿದ್ದರೆಂದು ನಮಗಾರಿಗೂ ತಿಳಿದಿರಲಿಲ್ಲ.

ಎಲ್ದಿಯಾರ್ ಆಗೈಟ್ ಎಂದು ಬರೆದದ್ದನ್ನು ಹೊಡೆದುಹಾಕಿದ. ಎಲ್ಲರೂ ನೋಡುತ್ತಿದ್ದಂತೆ ಬಿಲ್ಲೆಯ ಚೀಟಿಯನ್ನು ಮೇಲ್ಮುಖ ಮಾಡಿದ.

"ವರದಿಲಿ ನಿಮ್ ಹೆಸರೂ ಹಾಕ್ತೀನಿ ಎಜೆ. ಇದನ್ನೆಲ್ಲ ಯಾರ ಹತ್ರ ಕಲಿತ್ರಿ? ಅಲ್ಲ, ಆ ಹತ್ತರ ಲೆಕ್ಕ..."

"ಒಲೆ ಮೇಲೆ ಬಿಲ್ಲೆ ಕೂರಿಸೋ ಅಂಟು ಕಾಯ್ತಿದೆ," ಎಂದರು ಎಜೆ. ಅವನು ಇನ್ನೂ ಕೇಳುತ್ತಲೇ ಇದ್ದ; ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಒಳಕೋಣೆಗೆ ನಡೆದರು.